ಲೆಕ್ಕದ ಹಾಳೆಗೂ ನಕ್ಷೆಗೂ ಇರುವ ನಂಟು

ಧಾರವಾಡದ ಸಪ್ತಾಪುರ ಈಗ ಪರೀಕ್ಷಾರ್ಥಿಗಳ ಊರು. ಸಪ್ತಾಪುರ ಬಾವಿಯ ನಿಲ್ದಾಣದಲ್ಲಿ ಬಸ್ಸಿಳಿದವರಿಗೆ ಮೊದಲು ಕಾಣುವುದು ಕೋಚಿಂಗ್ ತರಗತಿಗಳ ಫಲಕಗಳು. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ಕುಳಿತು ಪೊಲೀಸ್, ಬ್ಯಾಂಕ್, ಕೆಎಎಸ್ ಪರೀಕ್ಷೆಗಳಿಗೆ ಓದುತ್ತಾರೆ. ಅವರು ಬಿಡಿಸುವ ಲೆಕ್ಕಗಳಲ್ಲಿ ಒಂದು ಬಹಳ ಹಳೆಯದು. ಆಯತವೊಂದರ ಉದ್ದವನ್ನು ಶೇಕಡಾ 20ರಷ್ಟು ಹೆಚ್ಚಿಸಿ ಅಗಲವನ್ನು ಶೇಕಡಾ 20ರಷ್ಟು ಇಳಿಸಿದರೆ ವಿಸ್ತೀರ್ಣ ಎಷ್ಟು ಬದಲಾಗುತ್ತದೆ? ಏರಿಸಿದ್ದೂ ಇಳಿಸಿದ್ದೂ ಸರಿಹೋಯಿತು ಎಂದು ಬರೆದವರು ಅಂಕ ಕಳೆದುಕೊಳ್ಳುತ್ತಾರೆ. ವಿಸ್ತೀರ್ಣ ಶೇಕಡಾ 4ರಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆಯ ಪಕ್ಕದಲ್ಲಿ ಪುಸ್ತಕದವರು ಆಯತದ ಚಿತ್ರವೊಂದನ್ನು ಅಚ್ಚು ಹಾಕಿರುತ್ತಾರೆ. ಲೆಕ್ಕ ಮುಗಿದರೂ ಆ ಚಿತ್ರ ಇದ್ದ ಹಾಗೆಯೇ ಇರುತ್ತದೆ. ಪರೀಕ್ಷೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಮನೆ ಕಟ್ಟುವ ಗೌಂಡಿಯಾಗಲಿ, ಲೇತ್ ಯಂತ್ರದ ಮುಂದೆ ನಿಂತ ಕೆಲಸಗಾರನಾಗಲಿ ನೋಡುವುದು ಚಿತ್ರವನ್ನೇ ಹೊರತು ಲೆಕ್ಕವನ್ನಲ್ಲ. ಎಂಜಿನಿಯರ್ ತನ್ನ ಹಾಳೆಯಲ್ಲಿ ಒಂದು ಅಂಕಿಯನ್ನು ತಿದ್ದಿ, ನಕ್ಷೆಯಲ್ಲಿ ತಿದ್ದಲು ಮರೆತರೆ ಹಳೆಯ ಅಳತೆಯೇ ಕಲ್ಲಾಗಿ, ಕಬ್ಬಿಣವಾಗಿ ನಿಲ್ಲುತ್ತದೆ. ಲೆಕ್ಕ ಬದಲಾದೊಡನೆ ನಕ್ಷೆಯೂ ತಾನಾಗಿ ಬದಲಾಗುವಂತೆ ಎರಡನ್ನೂ ಕಟ್ಟಿಹಾಕುವುದು ಹೇಗೆ ಎಂಬುದು ವಿನ್ಯಾಸ ಶಾಸ್ತ್ರದ ಹಳೆಯ ಚಿಂತೆ.

ಇಂದಿನ ಉತ್ತರ ಕಂಪ್ಯೂಟರಿನದು. ಸ್ಪ್ರೆಡ್‌ಶೀಟ್ ಎಂದು ಕರೆಯುವ ಲೆಕ್ಕದ ಹಾಳೆಯಲ್ಲಿ ಪಗಡೆಯ ಹಾಸಿನಂತೆ ಮನೆಗಳಿರುತ್ತವೆ. ಒಂದು ಮನೆಯಲ್ಲಿ ಗೋಡೆಯ ಉದ್ದ, ಇನ್ನೊಂದರಲ್ಲಿ ಕಿಟಕಿಯ ಅಗಲ, ಮೂರನೆಯದರಲ್ಲಿ ‘ಗೋಡೆಯ ಉದ್ದದಿಂದ ಕಿಟಕಿಯನ್ನು ಕಳೆದು ಎರಡರಿಂದ ಭಾಗಿಸು’ ಎಂಬ ಸೂತ್ರ. ನಕ್ಷೆ ತೆಗೆಯುವ ತಂತ್ರಾಂಶದಲ್ಲಿ ಗೆರೆಯ ಅಳತೆಯಾಗಿ 4 ಅಡಿ ಎಂದು ಬರೆಯುವ ಬದಲು ಆ ಮೂರನೆಯ ಮನೆಯ ಹೆಸರನ್ನು ಬರೆದರೆ ಮುಗಿಯಿತು. ಗೋಡೆ ಎಷ್ಟೇ ಉದ್ದವಾಗಲಿ, ಕಿಟಕಿ ನಟ್ಟನಡುವೆಯೇ ಇರುತ್ತದೆ. ಹೀಗೆ ಅಂಕಿಗಳ ಬದಲು ಅಂಕಿಗಳ ನಡುವಿನ ಸಂಬಂಧವನ್ನು ಹೇಳಿ ರಚಿಸಿದ ಆಕೃತಿಗೆ ಪ್ಯಾರಾಮೆಟ್ರಿಕ್ ಮಾದರಿ ಎಂದು ಹೆಸರು. ಇಂಗ್ಲಿಷಿನ ಈ ಹೆಸರು ಹೊಸದು. ಆದರೆ ಒಂದು ಮೂಲ ಅಳತೆಯಿಂದ ಉಳಿದೆಲ್ಲವನ್ನೂ ಹುಟ್ಟಿಸುವ ರೀತಿ ಧಾರವಾಡದ ಸೀಮೆಗೆ ಹೊಸದೇನೂ ಅಲ್ಲ.

ಡಂಬಳದ ನಕ್ಷತ್ರ

ಗದಗಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಡಂಬಳವಿದೆ. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದು ಧಾರವಾಡ ಜಿಲ್ಲೆಯದೇ ಊರು. ಅಲ್ಲಿನ ದೊಡ್ಡಬಸಪ್ಪ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ್ದು, 12ನೆಯ ಶತಮಾನದ್ದು. ಇಟಗಿಯ ಮಹಾದೇವ ಗುಡಿಯಷ್ಟು (1112) ಪ್ರಸಿದ್ಧಿ ಅದಕ್ಕಿಲ್ಲದಿದ್ದರೂ ನಕ್ಷೆಯ ವಿಷಯದಲ್ಲಿ ಅದನ್ನು ಮೀರಿಸುವ ಗುಡಿ ಈ ಭಾಗದಲ್ಲಿ ಸಿಗುವುದು ಕಷ್ಟ. ಅದರ ವಿಮಾನದ ತಳ ಚೌಕವಲ್ಲ, ದುಂಡೂ ಅಲ್ಲ. ಅದು 24 ಮೂಲೆಗಳ ನಕ್ಷತ್ರ. ಸುತ್ತು ಹಾಕುತ್ತಾ ಹೋದಂತೆ ಗೋಡೆ ಒಳಗೆ ಹೋಗಿ ಹೊರಗೆ ಬರುತ್ತದೆ. ಬೆಳಿಗ್ಗೆಯ ಬಿಸಿಲಿನಲ್ಲಿ ಒಂದೊಂದು ಅಂಚಿನ ನೆರಳೂ ಪಕ್ಕದ ಅಂಚಿನ ಮೇಲೆ ಬೀಳುತ್ತದೆ.

ನೋಡಲು ಕಠಿಣವಾದ ಈ ಆಕಾರದ ಹಿಂದಿರುವ ನಿಯಮ ಮಾತ್ರ ಸರಳ. ಒಂದು ಚೌಕವನ್ನು ತೆಗೆದುಕೊಂಡು ನಡುವಿನ ಬಿಂದುವಿನ ಸುತ್ತ 15 ಡಿಗ್ರಿ ತಿರುಗಿಸಿದರೆ ಎರಡನೆಯ ಚೌಕ ಸಿಗುತ್ತದೆ. ಮತ್ತೆ 15, ಮತ್ತೆ 15. ಹೀಗೆ ಐದು ಸಲ ತಿರುಗಿಸಿದಾಗ ಒಟ್ಟು ಆರು ಚೌಕಗಳು, ಅವುಗಳ ಮೂಲೆಗಳು 24. ಆರನೆಯ ಸಲ ತಿರುಗಿಸಿದರೆ ಚೌಕ ತನ್ನ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ. ಎಲ್ಲ ಚೌಕಗಳ ಹೊರಗೆರೆಯನ್ನು ಮಾತ್ರ ಉಳಿಸಿಕೊಂಡರೆ ಡಂಬಳದ ನಕ್ಷತ್ರ ಸಿದ್ಧ. ಮೂಲೆಗಳೆಲ್ಲ ಚೌಕದ ಮೂಲೆಗಳೇ ಆದ್ದರಿಂದ ಹೊರಚಾಚಿದ ಪ್ರತಿಯೊಂದು ಅಂಚೂ ಸರಿಯಾಗಿ 90 ಡಿಗ್ರಿ. ಕಲ್ಲುಕುಟಿಗನಿಗೆ ಇದೊಂದು ದೊಡ್ಡ ಉಪಕಾರ. ಗುಡಿಯಲ್ಲಿ 24 ಮೂಲೆಗಳಿದ್ದರೂ ಅವನ ಕೈಯಲ್ಲಿರುವ ಮೂಲೆಮಟ್ಟ ಒಂದೇ.

ಇಲ್ಲಿ ಬದಲಾಗುವ ಸಂಖ್ಯೆ ಒಂದೇ, ಮೂಲೆಗಳ ಎಣಿಕೆ. ಅದನ್ನು 16 ಮಾಡಿದರೆ ನಾಲ್ಕು ಚೌಕಗಳು ಸಾಕು, ತಿರುವು 22.5 ಡಿಗ್ರಿ. 1258ರಲ್ಲಿ ಪ್ರತಿಷ್ಠೆಯಾದ ಸೋಮನಾಥಪುರದ ಕೇಶವ ಗುಡಿಯ ವಿಮಾನಗಳು ಈ 16 ಮೂಲೆಯ ಬಳಗಕ್ಕೆ ಸೇರಿದವು. ಮೂಲೆಗಳು ಹೆಚ್ಚಾದಂತೆ ಅಂಚುಗಳ ನಡುವಿನ ಒಳಸರಿತ ಕಡಿಮೆಯಾಗುತ್ತದೆ. ನಡುವಿನಿಂದ ಹೊರ ಅಂಚಿಗೆ 100 ಎಂದಿಟ್ಟುಕೊಂಡರೆ 8 ಮೂಲೆಯ ನಕ್ಷತ್ರದಲ್ಲಿ ಒಳಮೂಲೆ 77ರಲ್ಲಿ ನಿಲ್ಲುತ್ತದೆ, 16ರದ್ದರಲ್ಲಿ 85ರಲ್ಲಿ, 24ರದ್ದರಲ್ಲಿ 89ರಲ್ಲಿ, 32ರದ್ದರಲ್ಲಿ 91ರಲ್ಲಿ. ಇನ್ನೂ ಏರಿಸಿದರೆ ಗೋಡೆ ಬರೀ ದುಂಡಾಗಿ ನೆರಳಿನ ಆಟವೇ ಇಲ್ಲವಾಗುತ್ತದೆ. ಡಂಬಳದ ಶಿಲ್ಪಿ 24ಕ್ಕೆ ಏಕೆ ನಿಂತನೆಂದು ಶಾಸನವೇನೂ ಹೇಳುವುದಿಲ್ಲ. ಗುಡಿಯ ಮುಂದೆ ನಿಂತವರಿಗೆ ಬಹುಶಃ ಹೇಳಬೇಕಾಗಿಯೂ ಇಲ್ಲ.

ಇದು ತಳದ ಮಾತಾಯಿತು. ಎತ್ತರಕ್ಕೂ ಇಂಥದೇ ನಿಯಮಗಳಿದ್ದವು. ದಕ್ಷಿಣದ ವಾಸ್ತು ಗ್ರಂಥಗಳು ಒಂದೇ ಅಂತಸ್ತಿನ ವಿಮಾನದ ಎತ್ತರವನ್ನು ಎಂಟು ಪಾಲು ಮಾಡುತ್ತವೆ. ಅಧಿಷ್ಠಾನಕ್ಕೆ ಒಂದು, ಕಂಬ ಗೋಡೆಗಳಿಗೆ ಎರಡು, ಪ್ರಸ್ತರಕ್ಕೆ ಒಂದು, ಕೊರಳಿಗೆ ಒಂದು, ಶಿಖರಕ್ಕೆ ಎರಡು, ಸ್ತೂಪಿಗೆ ಒಂದು. ಒಟ್ಟು ಎತ್ತರ 16 ಮೊಳವಾದರೆ ಪೀಠ 2 ಮೊಳ. ದಾನಿಯ ಕೈ ಹಿಡಿತವಾಗಿ ಎತ್ತರ 12ಕ್ಕೆ ಇಳಿದರೆ ಪೀಠ ಒಂದೂವರೆ ಮೊಳ. ಯಾವುದನ್ನೂ ಹೊಸದಾಗಿ ಯೋಚಿಸಬೇಕಾಗಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಒಂದೇ ಮನೆಗೆ ಅಂಕಿ ತುಂಬಿದರೆ ಉಳಿದ ಆರು ಮನೆಗಳು ತುಂಬಿಕೊಳ್ಳುವ ಹಾಳೆ.

ಅಂದಮಾತ್ರಕ್ಕೆ ಕಂಪ್ಯೂಟರ್ ನಮ್ಮಲ್ಲಿ ಮೊದಲೇ ಇತ್ತು ಎಂದು ಎದೆಯುಬ್ಬಿಸುವವರಿಗೆ ಇದರಲ್ಲಿ ಆಧಾರ ಸಿಗದು. ನಿಯಮ ಇತ್ತು, ಅದನ್ನು ನಡೆಸುವವರು ಮನುಷ್ಯರೇ ಆಗಿದ್ದರು. ಮಯಮತವು ಕಟ್ಟಡ ಕೆಲಸದವರನ್ನು ನಾಲ್ಕು ಬಗೆಯಾಗಿ ಹೇಳುತ್ತದೆ. ಒಟ್ಟು ಹೊಣೆ ಹೊತ್ತ ಸ್ಥಪತಿ, ನೂಲು ಹಿಡಿದು ಅಳತೆ ಹಾಕುವ ಸೂತ್ರಗ್ರಾಹಿ, ಕಡಿಯುವ ತಕ್ಷಕ, ಜೋಡಿಸುವ ವರ್ಧಕಿ. ಈ ಸೂತ್ರಗ್ರಾಹಿ ಸ್ಥಪತಿಯ ಮಗನೋ ಶಿಷ್ಯನೋ ಆಗಿರಬೇಕು ಎನ್ನುವ ಮಾತು ಗಮನಿಸತಕ್ಕದ್ದು. ಲೆಕ್ಕ ಮಾಡುವವನೂ ಗೆರೆ ಎಳೆಯುವವನೂ ಒಂದೇ ಮನೆಯವರು. ಲೆಕ್ಕ ಬದಲಾದರೆ ಗೆರೆ ಎಳೆಯುವವನಿಗೆ ಅದು ಊಟದ ಹೊತ್ತಿಗಾದರೂ ಗೊತ್ತಾಗುತ್ತಿತ್ತು.

ಗೆರೆಗಳನ್ನು ಎಳೆದದ್ದು ಎಲ್ಲಿ? ಮಧ್ಯಪ್ರದೇಶದ ಭೋಜಪುರದಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಉತ್ತರವಿದೆ. 11ನೆಯ ಶತಮಾನದಲ್ಲಿ ಅರ್ಧಕ್ಕೆ ನಿಂತ ಅಲ್ಲಿನ ಶಿವಾಲಯದ ಸುತ್ತಲ ಬಂಡೆಗಳ ಮೇಲೆ ಕಂಬ, ಮಂಟಪ, ಶಿಖರಗಳ ನಕ್ಷೆಗಳನ್ನು ಕೊರೆದಿರುವುದು ಇಂದಿಗೂ ಉಳಿದಿದೆ. ಆ ಊರಿಗೆ ಹೆಸರು ಕೊಟ್ಟ ಮಾಳವದ ಭೋಜರಾಜನೇ ‘ಸಮರಾಂಗಣ ಸೂತ್ರಧಾರ’ವೆಂಬ ವಾಸ್ತು ಗ್ರಂಥದ ಕರ್ತೃವೆಂದು ಪ್ರಸಿದ್ಧನಾದವನು, ಚಾಲುಕ್ಯ ಒಂದನೆಯ ಸೋಮೇಶ್ವರನ ಸಮಕಾಲೀನ ಮತ್ತು ಶತ್ರು. ಲೆಕ್ಕದ ಕಡೆಗೆ ಬಂದರೆ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅಗೆತದ, ಇಟ್ಟಿಗೆ ಪೇರಿಸುವ ಲೆಕ್ಕಗಳಿವೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದು ಇಂಥ ವಿದ್ಯೆಯನ್ನು ಕನ್ನಡದಲ್ಲೇ ಕಲಿಯುವಂತೆ ಮಾಡಿದನು.

ಆಯದ ಶೇಷ

ಹಳೆಯ ಲೆಕ್ಕಗಳಲ್ಲಿ ಇಂದಿಗೂ ಬಳಕೆಯಲ್ಲಿ ಉಳಿದದ್ದು ಆಯ. ಮನೆ ಕಟ್ಟಿಸುವವರು ನಕ್ಷೆ ಕೈಗೆ ಬಂದೊಡನೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಆಯ ಕೂಡಿತೇ?’ ಎಂಬುದೂ ಒಂದು. ಬಳಕೆಯಲ್ಲಿರುವ ಒಂದು ಕ್ರಮ ಹೀಗೆ: ಉದ್ದ ಅಗಲಗಳನ್ನು ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಬೇಕು. ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ. ಏನೂ ಉಳಿಯದಿದ್ದರೆ ಕಾಕ. ಧ್ವಜ, ಸಿಂಹ, ವೃಷಭ, ಗಜಗಳು ಶುಭ, ಉಳಿದವು ಅಶುಭ. ಅಶುಭ ಬಂದರೆ ಗೋಡೆಯನ್ನು ಅಷ್ಟಿಷ್ಟು ಸರಿಸಿ, ಮತ್ತೆ ಲೆಕ್ಕ ಹಾಕಿ, ಮತ್ತೆ ನಕ್ಷೆ ತಿದ್ದಬೇಕು. ಅಂಕಿಯೊಂದು ಆಕೃತಿಯನ್ನು ಆಳುವುದಕ್ಕೆ ಇದಕ್ಕಿಂತ ಮನೆಮಾತಾದ ಉದಾಹರಣೆ ಇಲ್ಲ.

ಆಯವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಲೆಕ್ಕವನ್ನು ಮಾತ್ರ ಬಿಡಿಸಿ ನೋಡಬಹುದು. ಒಂಬತ್ತು ಎಂದರೆ ಎಂಟು ಮತ್ತು ಒಂದು. ಆದ್ದರಿಂದ 9ರಿಂದ ಗುಣಿಸಿ 8ರಿಂದ ಭಾಗಿಸಿದರೂ, ಗುಣಿಸದೆ ಹಾಗೆಯೇ ಭಾಗಿಸಿದರೂ ಶೇಷ ಒಂದೇ. ಇನ್ನು ಶುಭವಾದ 1, 3, 5, 7 ನಾಲ್ಕೂ ಬೆಸಸಂಖ್ಯೆಗಳು. ವಿಸ್ತೀರ್ಣ ಬೆಸವಾಗಿದ್ದರೆ ಶೇಷವೂ ಬೆಸವೇ. ವಿಸ್ತೀರ್ಣ ಬೆಸವಾಗಬೇಕಾದರೆ ಉದ್ದ ಅಗಲ ಎರಡೂ ಬೆಸವಾಗಿರಬೇಕು. ಅಲ್ಲಿಗೆ ಇಡೀ ಕೋಷ್ಟಕ ‘ಎರಡು ಬದಿಯೂ ಬೆಸಸಂಖ್ಯೆಯಲ್ಲಿರಲಿ’ ಎಂಬ ಒಂದು ಮಾತಿಗೆ ಇಳಿಯುತ್ತದೆ. 30ಕ್ಕೆ 40 ಅಡಿಯ ನಿವೇಶನದ ವಿಸ್ತೀರ್ಣ 1200, ಶೇಷವಿಲ್ಲ, ಕಾಕಾಯ. ಅದರೊಳಗೆ 27ಕ್ಕೆ 33ರ ಮನೆ ಹಾಕಿದರೆ 891, ಶೇಷ 3, ಸಿಂಹಾಯ. ಬೆಸ ಅಳತೆಯ ಚೌಕವಂತೂ ಎಷ್ಟೇ ದೊಡ್ಡದಿರಲಿ ಶೇಷ ಒಂದೇ ಬರುತ್ತದೆ. 33 ಅಡಿಯ ಚೌಕ, ಅಂದರೆ 1089 ಚದರಡಿಯ ಒಂದು ಗುಂಟೆ, ಯಾವಾಗಲೂ ಧ್ವಜಾಯ. ಹಳೆಯ ಕಾಲದ ಗೌಂಡಿಗಳು ಲೆಕ್ಕ ಬಾರದೆಯೂ ಬೆಸ ಅಳತೆ ಹಿಡಿಯುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈಗ ಅದೇ 27ಕ್ಕೆ 33 ಅಡಿಯ ಮನೆಯನ್ನು ಒಂದೂವರೆ ಅಡಿಯ ಮೊಳದಿಂದ ಅಳೆದರೆ ಏನಾಗುತ್ತದೆ? 18ಕ್ಕೆ 22 ಮೊಳ. ಗುಣಲಬ್ಧ 396, ಶೇಷ 4. ಅಡಿಯಲ್ಲಿ ಸಿಂಹವಾಗಿದ್ದ ಮನೆ ಮೊಳದಲ್ಲಿ ಶ್ವಾನವಾಯಿತು. ಒಂದು ಇಟ್ಟಿಗೆಯೂ ಕದಲಿಲ್ಲ. ಕೋಷ್ಟಕ ಹೇಳುವುದು ಮಾನದ ಜೊತೆಗಿದ್ದಾಗ ಮಾತ್ರ ಅರ್ಥ ಕೊಡುತ್ತದೆ. ಊರೂರಿಗೂ ಬೇರೆ ಬೇರೆ ಕೋಲು, ಗಳೆಗಳಿದ್ದ ಕಾಲದಲ್ಲಿ ದಾನ ಶಾಸನ ಬರೆಸಿದವರು ಭೂಮಿಯನ್ನು ಯಾವ ಗಳೆಯಿಂದ ಅಳೆದದ್ದೆಂದು ಹೆಸರಿಸಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಬೇರೆಯಾದ ಎರಡು ಕಡತಗಳು

ಸಪ್ತಾಪುರದ ಮಗ್ಗುಲಿಗೇ ಇರುವ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. ಅದರ ಮುಖ್ಯ ಕಟ್ಟಡ ಕಾಲೇಜಿಗೆಂದು ಕಟ್ಟಿದ್ದಲ್ಲ, ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಗೆಂದು ಕಟ್ಟಿದ್ದು. ರೈಲ್ವೆಯ ಜೊತೆಗೆ ಈ ಸೀಮೆಗೆ ಬಂದದ್ದು ಹಳಿಗಳಷ್ಟೇ ಅಲ್ಲ, ಕೆಲಸ ಹಂಚುವ ಹೊಸ ಕ್ರಮವೂ ಬಂತು. ರೈಲ್ವೆಯಲ್ಲೂ ಲೋಕೋಪಯೋಗಿ ಇಲಾಖೆಯಲ್ಲೂ ಲೆಕ್ಕ ಮಾಡುವ ಎಂಜಿನಿಯರ್ ಒಬ್ಬ, ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಇನ್ನೊಬ್ಬ, ಪ್ರತಿ ತೆಗೆಯುವ ಟ್ರೇಸರ್ ಮತ್ತೊಬ್ಬ. ಎಸ್ಟಿಮೇಟಿನದೇ ಒಂದು ಕಡತ, ನಕ್ಷೆಗಳದೇ ಒಂದು ಕಟ್ಟು, ಸ್ಥಳದಲ್ಲಿ ಅಳೆದದ್ದನ್ನು ಬರೆಯಲು ಮೇಜರ್‌ಮೆಂಟ್ ಬುಕ್ ಬೇರೆ. ಸಾವಿರಾರು ಮೈಲಿ ದೂರದ ಕಂಪನಿಗೆ ಲೆಕ್ಕ ಒಪ್ಪಿಸಬೇಕಾದಲ್ಲಿ ಈ ಕ್ರಮ ಅನಿವಾರ್ಯವೇ ಆಗಿತ್ತು. ಅದರಿಂದ ಲಾಭವೂ ಆಯಿತು, ಯಾರೂ ಯಾರನ್ನೂ ಪರಿಶೀಲಿಸಬಹುದಾಯಿತು. ಆದರೆ ಸ್ಥಪತಿಯ ಮನೆಯಲ್ಲಿ ಒಟ್ಟಿಗಿದ್ದ ಲೆಕ್ಕ ಮತ್ತು ಗೆರೆ ಎರಡು ಮೇಜುಗಳಿಗೆ ಹೋದವು.

ಮೇಜುಗಳ ನಡುವೆ ನಡೆಯುವ ತಪ್ಪುಗಳಿಗೆ ಕಚೇರಿಗಳು ತಮ್ಮದೇ ಮದ್ದು ಕಂಡುಕೊಂಡವು. ನಕ್ಷೆಯ ಬಲಮೂಲೆಯಲ್ಲಿ ತಿದ್ದುಪಡಿಯ ಪಟ್ಟಿ, ಅದಕ್ಕೆ ಸಹಿ, ತಾರೀಖು. ತಿದ್ದಿದಾಗಲೆಲ್ಲ ಟ್ರೇಸಿಂಗ್ ಹಾಳೆಯ ಮೇಲಿನ ಶಾಯಿಯನ್ನು ಬ್ಲೇಡಿನಿಂದ ಕೆರೆದು ಹೊಸ ಅಂಕಿ ಬರೆಯುವುದು, ಅಮೋನಿಯಾದ ಘಾಟಿನ ನಡುವೆ ಮತ್ತೆ ಪ್ರತಿ ತೆಗೆಯುವುದು. ಹಲವು ಕಡೆ ಗೆರೆಯನ್ನು ಮುಟ್ಟದೆ ಅಂಕಿಯನ್ನಷ್ಟೇ ತಿದ್ದುತ್ತಿದ್ದರು. ಹಾಗಾಗಿಯೇ ನಕ್ಷೆಗಳ ಮೇಲೆ ‘ಬರೆದ ಅಳತೆಯನ್ನು ಅನುಸರಿಸಿ, ಚಿತ್ರವನ್ನು ಅಳೆಯಬೇಡಿ’ ಎಂಬ ಎಚ್ಚರಿಕೆ ಇರುತ್ತಿತ್ತು. ಚಿತ್ರ ಸುಳ್ಳು ಹೇಳಬಹುದೆಂದು ಚಿತ್ರವೇ ಒಪ್ಪಿಕೊಂಡಂತೆ ಇದು.

ಕಾರ್ಖಾನೆಗಳಲ್ಲಿ ಇದಕ್ಕಿಂತ ಜಾಣ ಉಪಾಯವೊಂದು ಬಂತು. ಹುಬ್ಬಳ್ಳಿಯ ಕೈಗಾರಿಕೆಗಳಲ್ಲಿ ವಾಲ್ವ್ ತಯಾರಿಕೆಗೆ ದೊಡ್ಡ ಹೆಸರಿದೆ. ಗೋಕುಲ ರಸ್ತೆಯ ಕಡೆಯ ಈ ಉದ್ಯಮವನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ವಿಷಯ ಸುಲಭವಾಗುತ್ತದೆ. ಅರ್ಧ ಇಂಚಿನಿಂದ 12 ಇಂಚಿನವರೆಗೆ 11 ಗಾತ್ರಗಳ ವಾಲ್ವನ್ನು ಮೂರು ಒತ್ತಡದ ದರ್ಜೆಗಳಲ್ಲಿ ಮಾಡಬೇಕೆಂದರೆ 33 ಬಗೆಗಳಾದವು. ಒಂದೊಂದರಲ್ಲೂ ಹೊರಕವಚ, ಗುಂಡು, ಸೀಟು, ಹಿಡಿಕೆಯ ಕಂಬಿ ಹೀಗೆ ಹತ್ತಾರು ಭಾಗಗಳು. ಎಲ್ಲಕ್ಕೂ ಬೇರೆ ಬೇರೆ ನಕ್ಷೆ ಬರೆಯುತ್ತಾ ಕೂತರೆ ಕೆಲಸ ಮುಗಿಯದು. ಅದರ ಬದಲು ಒಂದೇ ಚಿತ್ರ ಬರೆದು, ಅಳತೆಯ ಜಾಗದಲ್ಲಿ ಅಂಕಿಯ ಬದಲು ಎ, ಬಿ, ಸಿ ಎಂದು ಅಕ್ಷರ ಹಾಕಿ, ಕೆಳಗೊಂದು ಕೋಷ್ಟಕದಲ್ಲಿ ಯಾವ ಗಾತ್ರಕ್ಕೆ ಎ ಎಷ್ಟು, ಬಿ ಎಷ್ಟು ಎಂದು ಬರೆಯುವುದು. ಲೋಕದ ಎಲ್ಲ ಯಂತ್ರ ಕಾರ್ಖಾನೆಗಳಿಗೂ ಪರಿಚಿತವಾದ ಈ ಕಾಗದವೇ ಇಂದಿನ ಕೋಷ್ಟಕ ಜೋಡಿಸಿದ ಮಾದರಿಯ ಹತ್ತಿರದ ಪೂರ್ವಜ. ಮಾದರಿಗೆ ಜೀವವಿರಲಿಲ್ಲ ಅಷ್ಟೆ. ಆರು ಇಂಚಿನ ವಾಲ್ವ್ ಹೇಗೆ ಕಾಣುತ್ತದೆಂದು ಕೆಲಸಗಾರ ತಲೆಯಲ್ಲೇ ಊಹಿಸಿಕೊಳ್ಳಬೇಕಿತ್ತು.

ಕೋಷ್ಟಕವೇ ಏಕೆ ಬೇಕು, ಡಂಬಳದಂತೆ ಒಂದು ಸೂತ್ರ ಸಾಲದೇ ಎಂದು ಕೇಳಬಹುದು. ಸಾಲದು. ವಾಲ್ವನ್ನು ಕೊಳವೆಗೆ ಬಿಗಿಯುವ ಫ್ಲ್ಯಾಂಜಿನ ಅಮೆರಿಕದ ಮಾನಕವನ್ನು ನೋಡಿದರೆ ಕಾರಣ ತಿಳಿಯುತ್ತದೆ. 150ರ ದರ್ಜೆಯಲ್ಲಿ 2 ಇಂಚಿನ ಫ್ಲ್ಯಾಂಜಿಗೆ ನಾಲ್ಕು ಬೋಲ್ಟು, 3 ಇಂಚಿನದಕ್ಕೂ ನಾಲ್ಕು, 4 ಇಂಚಿನದಕ್ಕೆ ಒಮ್ಮೆಲೇ ಎಂಟು. 6, 8 ಇಂಚುಗಳಿಗೂ ಎಂಟೇ, 10ಕ್ಕೆ ಬಂದಾಗ ಹನ್ನೆರಡು. ಇದು ಇಳಿಜಾರಲ್ಲ, ಮೆಟ್ಟಿಲು. ದಶಕಗಳ ಅನುಭವ, ಸಂಧಾನ, ಕೈಗೆ ಸಿಗುವ ಬೋಲ್ಟಿನ ಗಾತ್ರ ಎಲ್ಲ ಸೇರಿ ಗಟ್ಟಿಯಾದ ಇಂಥ ಅಂಕಿಗಳನ್ನು ಯಾವ ಸಮೀಕರಣವೂ ಹೆರುವುದಿಲ್ಲ. ಅವನ್ನು ಬರೆದಿಟ್ಟುಕೊಳ್ಳಬೇಕು. ವಿನ್ಯಾಸದಲ್ಲಿ ಜ್ಯಾಮಿತಿ ಎಷ್ಟು ಮುಖ್ಯವೋ ಒಪ್ಪಂದವೂ ಅಷ್ಟೇ ಮುಖ್ಯ. ಲೆಕ್ಕದ ಹಾಳೆ ಎರಡನ್ನೂ ಒಂದೇ ಕಡೆ ಇಡಬಲ್ಲದು.

ಯಂತ್ರಗಳ ಸರದಿ

ಇಟಲಿಯ ವಾಸ್ತುಶಿಲ್ಪಿ ಲುಯಿಜಿ ಮೊರೆಟ್ಟಿ 1960ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಕ್ರೀಡಾಂಗಣದ ಕೆಲವು ಮಾದರಿಗಳನ್ನಿಟ್ಟನು. ಪ್ರೇಕ್ಷಕನಿಗೆ ಆಟ ಕಾಣುವ ಕೋನ ಮೊದಲಾದ ಅಂಶಗಳನ್ನು ಐಬಿಎಂ ಯಂತ್ರದಲ್ಲಿ ಲೆಕ್ಕ ಹಾಕಿ ಆಸನಗಳ ಆಕಾರವನ್ನು ಪಡೆದಿದ್ದನು. ಇದಕ್ಕೆ ಅವನು ಇಟ್ಟ ಹೆಸರೇ ಪ್ಯಾರಾಮೆಟ್ರಿಕ್ ವಾಸ್ತುಶಿಲ್ಪ. ಮೂರು ವರ್ಷಗಳ ನಂತರ, 1963ರಲ್ಲಿ, ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ತೋರಿಸಿದನು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು ‘ಇವೆರಡೂ ಸಮಾಂತರವಾಗಿರಲಿ’, ‘ಇವು ಸಮನಾಗಿರಲಿ’ ಎಂದು ಕಟ್ಟಳೆ ಹಾಕಿದರೆ ಯಂತ್ರ ಅದನ್ನು ಪಾಲಿಸುತ್ತಿತ್ತು. ಆದರೆ ಅದು ಓಡುತ್ತಿದ್ದುದು ಒಂದು ಕೋಣೆಯಷ್ಟು ದೊಡ್ಡ ಕಂಪ್ಯೂಟರಿನ ಮೇಲೆ.

ಲೆಕ್ಕದ ಹಾಳೆ ಹುಟ್ಟಿದ್ದು ಬೇರೆಯೇ ಮನೆಯಲ್ಲಿ. ಹಾರ್ವರ್ಡಿನ ವ್ಯವಹಾರ ಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕರಿಹಲಗೆಯ ಮೇಲೆ ಬರೆದ ಕೋಷ್ಟಕದಲ್ಲಿ ಒಂದು ಅಂಕಿ ಅಳಿಸಿದರೆ ಉಳಿದ ಸಾಲುಗಳನ್ನೆಲ್ಲ ಅಳಿಸಿ ಬರೆಯಬೇಕಾದ ಕಷ್ಟವನ್ನು ಕಂಡು ಯೋಚನೆಗೆ ಬಿದ್ದನು. ಗೆಳೆಯ ಬಾಬ್ ಫ್ರಾಂಕ್ಸ್ಟನ್ ಜೊತೆ ಸೇರಿ ಅವನು ರೂಪಿಸಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಆಪಲ್ ಕಂಪ್ಯೂಟರಿಗೆ ಬಂತು. 1983ರಲ್ಲಿ ಲೋಟಸ್, 1985ರಲ್ಲಿ ಎಕ್ಸೆಲ್. ನಕ್ಷೆಯ ಕಡೆ 1982ರಲ್ಲಿ ಆಟೋಕ್ಯಾಡ್ ಬಂತು. ಊರೂರಿನ ಎಂಜಿನಿಯರಿಂಗ್ ಕಚೇರಿಗಳಲ್ಲಿ ಡ್ರಾಯಿಂಗ್ ಬೋರ್ಡನ್ನು ಮೂಲೆಗೆ ತಳ್ಳಿದ್ದು ಅದೇ. ಆದರೂ ಮೊದಮೊದಲ ಆಟೋಕ್ಯಾಡ್ ಒಂದು ಒಳ್ಳೆಯ ವಿದ್ಯುತ್ ಡ್ರಾಯಿಂಗ್ ಬೋರ್ಡೇ ಹೊರತು ಹೆಚ್ಚಿನದಲ್ಲ. ಗೆರೆಗೆ ತಾನೇಕೆ ಅಷ್ಟುದ್ದ ಇದ್ದೇನೆಂಬುದು ಗೊತ್ತಿರಲಿಲ್ಲ.

ಗೊತ್ತಾಗುವಂತೆ ಮಾಡಿದವನು ಲೆನಿನ್‌ಗ್ರಾಡಿನಿಂದ ಅಮೆರಿಕಕ್ಕೆ ವಲಸೆ ಹೋದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್. 1985ರಲ್ಲಿ ಅವನು ಆರಂಭಿಸಿದ ಕಂಪನಿ ಕೆಲವೇ ವರ್ಷಗಳಲ್ಲಿ ಹೊರತಂದ ‘ಪ್ರೊ ಎಂಜಿನಿಯರ್’ನಲ್ಲಿ ಆಕೃತಿಯ ಪ್ರತಿಯೊಂದು ಅಳತೆಗೂ ಹೆಸರಿತ್ತು, ಅದನ್ನು ಬದಲಿಸಿದರೆ ಅವಲಂಬಿಸಿದ್ದೆಲ್ಲ ಮರುರಚನೆಯಾಗುತ್ತಿತ್ತು. 1995ರಲ್ಲಿ ಬಂದ ‘ಸಾಲಿಡ್‌ವರ್ಕ್ಸ್’ ಮುಂದೆ ಎಕ್ಸೆಲ್ ಹಾಳೆಯನ್ನೇ ಮಾದರಿಯೊಳಗೆ ಕೂರಿಸಿತು. ಒಂದು ಸಾಲು ಒಂದು ಗಾತ್ರ, ಒಂದು ಕಂಬಸಾಲು ಒಂದು ಅಳತೆ. ಹಳೆಯ ಎ, ಬಿ, ಸಿ ಕಾಗದವೇ ಇದು, ಆದರೆ ಈಗ ಸಾಲನ್ನು ಆರಿಸಿದೊಡನೆ ವಾಲ್ವ್ ಪರದೆಯ ಮೇಲೆ ಹಿಗ್ಗಿ ಕುಗ್ಗುತ್ತದೆ. ಇವೆಲ್ಲ ದುಬಾರಿ ಸರಕು. ಸಣ್ಣ ವರ್ಕ್‌ಶಾಪಿನವರಿಗೂ ವಿದ್ಯಾರ್ಥಿಗಳಿಗೂ ಹೆಚ್ಚು ಪ್ರಯೋಜನವಾದದ್ದು ‘ಫ್ರೀಕ್ಯಾಡ್’. 2002ರಲ್ಲಿ ಜರ್ಮನಿಯ ಯುರ್ಗೆನ್ ರೀಗೆಲ್ ಆರಂಭಿಸಿದ, ಹಣ ಕೊಡದೆ ಬಳಸಬಹುದಾದ ಈ ತಂತ್ರಾಂಶದೊಳಗೇ ಲೆಕ್ಕದ ಹಾಳೆಯಿದೆ. ಹಾಳೆಯ ಮನೆಗೊಂದು ಹೆಸರಿಟ್ಟು, ಆ ಹೆಸರನ್ನು ಅಳತೆಯ ಜಾಗದಲ್ಲಿ ಬರೆದರೆ ಸಾಕು. ಅದರ 1.0 ಆವೃತ್ತಿ ಹೊರಬಂದದ್ದು 2024ರ ನವೆಂಬರಿನಲ್ಲಿ.

ಕಟ್ಟಿದ ಗಂಟಿನ ತೊಡಕು

ಲೆಕ್ಕವನ್ನೂ ನಕ್ಷೆಯನ್ನೂ ಗಂಟುಹಾಕಿದ ಮೇಲೆ ಹಳೆಯ ತಪ್ಪು ಹೋಗುತ್ತದೆ, ಅದರ ಜಾಗಕ್ಕೆ ಹೊಸ ತಪ್ಪುಗಳು ಬರುತ್ತವೆ. ಮೊದಲು ನಕ್ಷೆಯ ಒಂದು ಮೂಲೆಯಲ್ಲಿ ಉಳಿಯುತ್ತಿದ್ದ ತಪ್ಪು ಅಂಕಿ ಈಗ ಇಡೀ ಮಾದರಿಯಲ್ಲಿ ಏಕಕಾಲಕ್ಕೆ ಹರಿಯುತ್ತದೆ. ಎಲ್ಲ ಭಾಗಗಳೂ ಒಂದೇ ತಪ್ಪನ್ನು ಒಪ್ಪಿಕೊಂಡಿರುವುದರಿಂದ ಚಿತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಮೊದಲಾದರೆ ಅಂಕಿ ಮತ್ತು ಗೆರೆಯ ಜಗಳವೇ ತಪ್ಪಿನ ಸುಳಿವು ಕೊಡುತ್ತಿತ್ತು.

ಮಾನದ ತೊಡಕು ಇವುಗಳಲ್ಲಿ ಹಿರಿಯದು. ಅಡಿಯ ಸಿಂಹ ಮೊಳದ ಶ್ವಾನವಾಗುವುದು ಮನೆಯ ಮಟ್ಟಿಗೆ ನಗೆಯ ವಿಷಯ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಂಗಳ ನೌಕೆ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನಾಶವಾದದ್ದು ಇದೇ ಕಾರಣಕ್ಕೆ. ಒಂದು ತಂಡದ ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ತಂಡದ ತಂತ್ರಾಂಶ ನ್ಯೂಟನ್ ಎಂದು ಓದಿಕೊಂಡಿತು. ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ನಮ್ಮಲ್ಲಿ ಭೂಮಿ ಗುಂಟೆಯಲ್ಲಿ, ನಿವೇಶನ ಅಡಿಯಲ್ಲಿ, ಕಬ್ಬಿಣ ಮಿಲಿಮೀಟರಿನಲ್ಲಿ, ಕೊಳವೆ ಇಂಚಿನಲ್ಲಿ ಇರುವಾಗ ಹಾಳೆಯ ಮನೆಯಲ್ಲಿ ಬರೀ 10 ಎಂದು ಬರೆಯುವುದು ಅಪಾಯ. ಫ್ರೀಕ್ಯಾಡ್ 10 ಎಂಬುದನ್ನೂ 10 ಮಿಲಿಮೀಟರ್ ಎಂಬುದನ್ನೂ ಬೇರೆ ಬೇರೆ ಎಂದು ಎಣಿಸುತ್ತದೆ. ಕಲಿಯುವವರಿಗೆ ಇದು ಕಿರಿಕಿರಿ. ಗಳೆಯ ಹೆಸರು ಕೆತ್ತಿಸಿದ ಶಾಸನಕಾರನಿಗೆ ಮೆಚ್ಚುಗೆಯಾಗುತ್ತಿತ್ತು.

ಇನ್ನೊಂದು, ಬಾಲ ಕಚ್ಚಿದ ಹಾವಿನಂಥ ಲೆಕ್ಕ. ಎರಡು ಗೋಡೆಗಳ ಮೇಲೆ ಕೂರುವ 4 ಮೀಟರ್ ಹರಹಿನ ಕಾಂಕ್ರೀಟ್ ಸ್ಲ್ಯಾಬಿಗೆ ಭಾರತೀಯ ಮಾನಕದ ಹೆಬ್ಬೆರಳ ಲೆಕ್ಕದಂತೆ ಹರಹನ್ನು 20ರಿಂದ ಭಾಗಿಸಿದರೆ ಸುಮಾರು 200 ಮಿಲಿಮೀಟರ್ ದಪ್ಪ ಬರುತ್ತದೆ. ಆ ದಪ್ಪದ ಒಂದು ಚದರ ಮೀಟರ್ ಸ್ಲ್ಯಾಬಿನ ಸ್ವಂತ ತೂಕವೇ ಸುಮಾರು 500 ಕಿಲೋ. ಮನೆಯಲ್ಲಿ ವಾಸಿಸುವ ಜನ, ಸಾಮಾನುಗಳಿಗೆಂದು ಹಿಡಿಯುವ ಭಾರ 200 ಕಿಲೋ ಮಾತ್ರ. ಅಂದರೆ ಸ್ಲ್ಯಾಬು ಮುಖ್ಯವಾಗಿ ಹೊರುವುದು ತನ್ನನ್ನೇ. ದಪ್ಪ ಗೊತ್ತಾಗಲು ತೂಕ ಬೇಕು, ತೂಕ ಗೊತ್ತಾಗಲು ದಪ್ಪ ಬೇಕು. ಕೈಯಲ್ಲಿ ಲೆಕ್ಕ ಮಾಡುವವರು ಒಂದು ದಪ್ಪವನ್ನು ಊಹಿಸಿ, ನೋಡಿ, ತಿದ್ದಿ ಎರಡು ಮೂರು ಸುತ್ತಿನಲ್ಲಿ ಮುಗಿಸುತ್ತಾರೆ. ನಕ್ಷೆಯಿಂದ ತೂಕವನ್ನು ಹಾಳೆಗೆ ತಂದು, ಹಾಳೆಯಿಂದ ದಪ್ಪವನ್ನು ನಕ್ಷೆಗೆ ಕೊಡಹೋದರೆ ತಂತ್ರಾಂಶ ಮುಂದೆ ಹೋಗಲು ಒಪ್ಪುವುದಿಲ್ಲ. ಮೊದಲ ಊಹೆ ಮಾಡುವ ಧೈರ್ಯವನ್ನು ಅದು ಇನ್ನೂ ಮನುಷ್ಯನಿಗೇ ಬಿಟ್ಟಿದೆ.

ಎಲ್ಲಕ್ಕಿಂತ ಗಹನವಾದದ್ದು ಮೂರನೆಯ ತೊಡಕು. ಹಾಳೆಯನ್ನು ರಚಿಸಿದವರು ಕೆಲಸ ಬಿಟ್ಟು ಹೋಗುತ್ತಾರೆ, ಹಾಳೆ ಉಳಿಯುತ್ತದೆ. ಒಂದು ಮನೆಯಲ್ಲಿ 1.15ರಿಂದ ಗುಣಿಸಿದೆ. ಏಕೆ? ತುಕ್ಕಿಗಾಗಿ ಬಿಟ್ಟ ದಪ್ಪವೋ, ಎರಕದಲ್ಲಿ ಕುಗ್ಗುವುದಕ್ಕೋ, ಯಾವುದೋ ಗಿರಾಕಿಯ ಹಟಕ್ಕೋ? ಕೇಳಲು ಯಾರೂ ಇಲ್ಲ. ತೆಗೆದುಹಾಕಲು ಭಯ, ಇಟ್ಟುಕೊಳ್ಳಲು ಕಾರಣವಿಲ್ಲ. ಆಯದ 9ರ ಗುಣಾಕಾರದ ಗತಿಯೂ ಇದೇ ಅಲ್ಲವೇ? ಉತ್ತರದಲ್ಲಿ ಎಳ್ಳಷ್ಟೂ ವ್ಯತ್ಯಾಸ ಮಾಡದ ಆ ಗುಣಾಕಾರವನ್ನು ಎಷ್ಟೋ ತಲೆಮಾರುಗಳು ತಪ್ಪದೆ ಮಾಡುತ್ತಾ ಬಂದಿವೆ. ಸ್ಥಪತಿ ಮಗನಿಗೆ ಹೇಳಿದ ಕಾರಣ ಮಗನೊಡನೆ ಹೋಯಿತು. ಹಾಳೆಯ ಪ್ರತಿ ಮನೆಯ ಪಕ್ಕದಲ್ಲೂ ಒಂದು ಸಾಲು ಕಾರಣ ಬರೆಯಲು ಜಾಗವಿದೆ, ಬರೆಯುವವರು ಕಡಿಮೆ.

ಡಂಬಳದ ನಕ್ಷತ್ರವನ್ನು ಇಂಥ ಹಾಳೆಗೆ ಇಳಿಸುವುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಒಂದು ಸಂಜೆಯ ಕೆಲಸ. ಮೊದಲ ಮನೆಯಲ್ಲಿ ಮೂಲೆಗಳ ಎಣಿಕೆ 24. ಎರಡನೆಯದರಲ್ಲಿ ಅದರ ಕಾಲುಭಾಗ, ಆರು ಚೌಕ. ಮೂರನೆಯದರಲ್ಲಿ 360ನ್ನು 24ರಿಂದ ಭಾಗಿಸಿದ ತಿರುವು, 15 ಡಿಗ್ರಿ. ನಾಲ್ಕನೆಯದರಲ್ಲಿ ಒಳಮೂಲೆಯ ದೂರ: 45 ಡಿಗ್ರಿಯ ಕೊಸೈನನ್ನು, 45ರಿಂದ ಅರ್ಧ ತಿರುವು ಕಳೆದು ಬಂದ 37.5 ಡಿಗ್ರಿಯ ಕೊಸೈನಿನಿಂದ ಭಾಗಿಸಿದರೆ 0.89. ಮೊದಲ ಮನೆಯಲ್ಲಿ 32 ಎಂದು ತಿದ್ದಿದರೆ ಗೋಡೆ ಮೈ ಚಾಚಿಕೊಳ್ಳುತ್ತದೆ, 16 ಎಂದರೆ ಒಳಸರಿತಗಳು ಆಳವಾಗುತ್ತವೆ, 20 ಎಂದರೆ ಐದು ಚೌಕಗಳು 18 ಡಿಗ್ರಿಗೊಂದರಂತೆ ಕೂರುತ್ತವೆ. 22 ಎಂದು ಬರೆದರೆ ಎರಡನೆಯ ಮನೆಯಲ್ಲಿ ಐದೂವರೆ ಚೌಕ ಎಂದು ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅಂಥ ಗುಡಿ ಇಲ್ಲ. ಆದ್ದರಿಂದ ಐದನೆಯ ಮನೆಯೊಂದು ಬೇಕಾಗುತ್ತದೆ. ಮೂಲೆಗಳನ್ನು ನಾಲ್ಕರಿಂದ ಭಾಗಿಸಿ ಶೇಷ ಉಳಿದರೆ ನಕ್ಷೆಯನ್ನು ತಡೆಯುವ ಕಾವಲು ಅದು. ಕೈಯಲ್ಲಿ ಚೌಕ ಹಿಡಿದು ತಿರುಗಿಸುತ್ತಿದ್ದ ಡಂಬಳದ ಸೂತ್ರಗ್ರಾಹಿಗೆ ಆ ಐದನೆಯ ಮನೆ ಬೇಕಿರಲಿಲ್ಲ. ಒಂದು ಚೌಕ ಇಟ್ಟರೆ ನಾಲ್ಕು ಮೂಲೆಗಳು ಒಟ್ಟಿಗೇ ಬರುತ್ತಿದ್ದವು.